ಮೂರು ತೋಳಿನ ಕೋಟು

ಟೇಲರನಿಗೆ ಆವತ್ತು ಬೆಳಿಗ್ಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು ರೇಡಿಯೋದಲ್ಲಿ, ಇನ್ನೊಂದು ಫೋನಿನಲ್ಲಿ. ನಾಳೆ ನಸುಕಿಗೆ ಇಬ್ಬನಿ ನೆಲದ ಮೇಲೇ ಹೆಪ್ಪುಗಟ್ಟುವ ಸಂಭವವಿದೆ, ಮೂವತ್ತು ವರ್ಷದಲ್ಲಿ ಇಂಥ ಚಳಿ ಬಿದ್ದಿಲ್ಲ, ಗಿಡಗಳನ್ನು ಕಾಪಾಡಿಕೊಳ್ಳಿ ಎಂದು ರೇಡಿಯೋದವರು ಬಹುಮಾನ ಘೋಷಿಸುವ ಉತ್ಸಾಹದಲ್ಲಿ ಹೇಳಿದರು. ಫೋನಿನಲ್ಲಿ ಅತ್ತಿಗೆಯ ದನಿಗೆ ಅಷ್ಟು ಉತ್ಸಾಹವಿರಲಿಲ್ಲ.

"ನಾಳೆ ಬೆಳಿಗ್ಗೆ ಬಸ್ಸಿಗೆ ಬರ್ತಿದೀನಿ."

"ಈ ಚಳೀಲಾ ಅತ್ತಿಗೆ? ನೀವು ಯಾವಾಗಲೂ ಬೇಸಿಗೆಗೆ ತಾನೆ ಬರೋದು?"

"ಒಂದು ಸಲ ಚಳಿಗಾಲದಲ್ಲೇ ಬರೋಣ ಅನ್ನಿಸ್ತು. ಅವಳು ಎಂಥ ಚಳಿಯಲ್ಲಿ ಸಂಸಾರ ಮಾಡಿದಳು ಅಂತ ನೋಡಬೇಕು. ಗಿಡ ಹೇಗಿದೆ?"

"ಚೆನ್ನಾಗಿದೆ ಅತ್ತಿಗೆ."

ಫೋನಿಟ್ಟು ಅಂಗಳಕ್ಕೆ ಹೋಗಿ ನೋಡಿದ. ದೇವಕಣಗಿಲೆ ಗಿಡ ಮೈಮೇಲೆ ಒಂದೇ ಒಂದು ಎಲೆಯಿಲ್ಲದೆ, ಮೂರು ದಪ್ಪ ಕೊಂಬೆಗಳನ್ನು ಆಕಾಶಕ್ಕೆತ್ತಿಕೊಂಡು, ಕಳ್ಳರ ಕೈಗೆ ಸಿಕ್ಕ ದಾರಿಹೋಕನ ಹಾಗೆ ನಿಂತಿತ್ತು.

ಅತ್ತಿಗೆ ಅಂದರೆ ಟೇಲರನ ಹೆಂಡತಿಯ ಅಕ್ಕ. ಹೆಂಡತಿ ಸೆಕೆಯ ಊರಿನವಳು. ಮದುವೆಯಾಗಿ ಈ ಚಳಿಯ ಊರಿಗೆ ಬಂದವಳು, ಬಂದ ವರ್ಷವೇ ಅಂಗಳದ ತುಂಬ ತನ್ನೂರಿನ ಗಿಡಗಳನ್ನು ತಂದು ನೆಟ್ಟಳು. ಬಾಳೆ, ದಾಸವಾಳ, ಬಣ್ಣಬಣ್ಣದ ಕ್ರೋಟನ್, ಗೇಟಿನ ಬಲಕ್ಕೆ ಈ ದೇವಕಣಗಿಲೆ. ಅವುಗಳ ನಡುವೆ ನಿಂತರೆ ಸ್ವಲ್ಪ ಬೆಚ್ಚಗಾಗುತ್ತದೆ ಎನ್ನುತ್ತಿದ್ದಳು. ಅದು ನಿಜವಲ್ಲ ಎಂದು ಟೇಲರನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಎಂಟು ವರ್ಷದ ಹಿಂದೆ, ಚಳಿಗಾಲ ಇನ್ನೇನು ಮುಗಿಯಿತು ಅನ್ನುವಾಗ, ಕೆಮ್ಮು ಎದೆಗಿಳಿದು ತೀರಿಕೊಂಡಳು.

ತಂಗಿಯ ಸಂಸಾರಕ್ಕೆಂದು ಅತ್ತಿಗೆಯೇ ಕೊಂಡ ಮನೆ, ಅವರ ಹೆಸರಿನಲ್ಲೇ ಇತ್ತು. ತಂಗಿ ಹೋದ ಮೇಲೆ ಅವರು ದೇವಕಣಗಿಲೆಯ ಮುಂದೆ ನಿಂತು ಒಂದೇ ಮಾತು ಹೇಳಿದ್ದರು: "ಅವಳದು ಅಂತ ಉಳಿದಿರೋದು ಈ ಗಿಡ. ಇದನ್ನ ನೋಡಿಕೊಳ್ಳೋ ತನಕ ಮನೆಯಲ್ಲಿ ಇರಿ. ಇದೂ ನಿಮ್ಮ ಕೈಲಿ ಆಗಲಿಲ್ಲ ಅಂದ ದಿನ ಬೀಗದ ಕೈ ನನಗೆ ಕೊಡಿ." ಟೇಲರನಿಗೆ ಬೇರೆ ಮನೆಯಿಲ್ಲ. ಅವನ ಅಂಗಡಿಯೂ ಆ ಮನೆಯ ಮುಂದಿನ ಕೋಣೆಯೇ. ಹೊಲಿಗೆ ಮಿಷನ್ನು, ಕತ್ತರಿಸುವ ಮೇಜು, ಕನ್ನಡಿ, ತೂಗುಹಾಕಿದ ಟೇಪು, ಎಲ್ಲವೂ ಅಲ್ಲೇ.

ಆ 'ಇದೂ' ಎಂಬ ಮಾತು ಅವನ ಕಿವಿಯಲ್ಲಿ ಸೂಜಿ ಮುರಿದುಕೊಂಡ ಹಾಗೆ ಉಳಿದುಬಿಟ್ಟಿತ್ತು.

ಇನ್ನೊಂದು ವಿಷಯ ಓದುಗರಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ಅಂಗಳದಲ್ಲಿ ಈಗಿರುವ ದೇವಕಣಗಿಲೆ ಹೆಂಡತಿ ನೆಟ್ಟದ್ದಲ್ಲ. ಅದು ಚಳಿಗೆ ಎಲೆ ಉದುರಿಸಿ ಬೇಸಿಗೆಗೆ ಚಿಗುರುವ ಜಾತಿಯೆಂದು ಟೇಲರನಿಗೆ ಗೊತ್ತಿರಲಿಲ್ಲ. ಗಿಡದ ಕಡೆ ನೋಡುವ ಕೆಲಸ ಅಲ್ಲಿಯವರೆಗೆ ಹೆಂಡತಿಯದಾಗಿತ್ತು. ಅವಳು ಹೋದ ಮೇಲಿನ ಮೊದಲ ಚಳಿಗಾಲಕ್ಕೆ ಗಿಡ ಬೋಳಾದಾಗ ಸತ್ತೇಹೋಯಿತೆಂದು ಹೆದರಿ, ಬುಡಸಮೇತ ಕಿತ್ತು ಹಿತ್ತಿಲ ಗೋಡೆಯಾಚೆ ಎಸೆದು, ನರ್ಸರಿಯ ಗಾಜಿನ ಮನೆಯಿಂದ ಅಷ್ಟೇ ಎತ್ತರದ, ಇನ್ನೂ ಎಲೆಯಿದ್ದ ಇನ್ನೊಂದನ್ನು ತಂದು ನೆಟ್ಟ. ಮರುವರ್ಷ ಅದೂ ಬೋಳಾಗಿ, ಬೇಸಿಗೆಗೆ ತಾನೇ ಚಿಗುರಿದಾಗ ಸತ್ಯ ತಿಳಿಯಿತು. ಅಷ್ಟು ಹೊತ್ತಿಗೆ ಮೊದಲಿನದು ಯಾರದೋ ಒಲೆ ಸೇರಿತ್ತು.

ಹೆಂಡತಿಯ ಗಿಡ ಬಿಳಿ ಹೂ ಬಿಡುತ್ತಿತ್ತು. ಇದು ಗುಲಾಬಿ ಬಣ್ಣದ್ದು ಬಿಟ್ಟಿತು. ಬೇಸಿಗೆಗೆ ಬಂದ ಅತ್ತಿಗೆ ಹೂವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಈ ಊರಿನ ಚಳಿಗೆ ಅತ್ತಿಗೆ," ಎಂದಿದ್ದ ಟೇಲರ. "ನಮ್ಮ ಮೂಗಿನ ತುದಿ ಕೆಂಪಾಗಲ್ವಾ, ಹಾಗೆ."

ಅತ್ತಿಗೆ "ಹೂಂ" ಎಂದಿದ್ದರು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ.

ಈಗ ಆ ಎರಡನೆಯದೂ ಹೋದರೆ ಮೂರನೆಯದನ್ನು ತಂದು ನೆಡಲು ಒಂದು ರಾತ್ರಿಯೂ ಇಲ್ಲ. ಟೇಲರ ತನ್ನ ಒಂದೇ ಒಂದು ಕಂಬಳಿಯನ್ನು ಹೊತ್ತು ಅಂಗಳಕ್ಕೆ ಬಂದ.

ಕಂಬಳಿ ಹೊತ್ತ ಮನುಷ್ಯ ಬೆಳಿಗ್ಗೆ ಒಂಬತ್ತಕ್ಕೆ ಅಂಗಳದಲ್ಲಿ ನಿಂತರೆ ಪಕ್ಕದ ಮನೆಯವರು ಸುಮ್ಮನಿರುವುದು ಹೇಗೆ? ಗೋಡೆಯ ಮೇಲೆ ಮೊದಲು ಒಂದು ಮಫ್ಲರ್ ಕಾಣಿಸಿತು, ಆಮೇಲೆ ಅದರೊಳಗೆ ರಿಟೈರಾದ ಕಾಂಪೌಂಡರ್ ಕಾಣಿಸಿದರು.

"ಏನಯ್ಯಾ ಟೇಲರ್, ಗಿಡಕ್ಕೆ ಜ್ವರಾನಾ?"

"ನಾಳೆ ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟುತ್ತಂತೆ ಸಾರ್. ಅತ್ತಿಗೆ ಬೇರೆ ಬರ್ತಿದಾರೆ."

ಎರಡರಲ್ಲಿ ಯಾವುದು ಹೆಚ್ಚು ಅಪಾಯವೆಂದು ಕಾಂಪೌಂಡರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಲವತ್ತು ವರ್ಷ ಔಷಧಿ ಅಳೆದು ಕೊಟ್ಟವರು. "ಬುಡಕ್ಕೆ ಉಗುರುಬೆಚ್ಚಗಿನ ನೀರು ಹಾಕು. ಈಗ ಎರಡು ಚೆಂಬು, ಮಧ್ಯಾಹ್ನ ಎರಡು, ಸಂಜೆ ಊಟ ಆದ ಮೇಲೆ ಎರಡು."

"ಯಾರ ಊಟ ಸಾರ್?"

"ನಿನ್ನದು ಕಣಯ್ಯಾ. ಗಿಡ ಊಟ ಮಾಡುತ್ತಾ?"

ಅಷ್ಟರಲ್ಲಿ ಎದುರುಮನೆಯ ಟೀಚರಮ್ಮ ಗೇಟು ತೆಗೆದುಕೊಂಡು ಒಳಗೇ ಬಂದರು. ಅವರೂ ರಿಟೈರಾದವರೇ, ಪಾಠ ಮಾತ್ರ ನಿಂತಿರಲಿಲ್ಲ. "ನೀರಲ್ಲ ಮುಖ್ಯ. ಬುಡದ ಸುತ್ತ ಒಣಎಲೆ ಹರಡಿ. ಮೇಲಿಂದ ನೆಲ ಮುಟ್ಟೋ ತನಕ ಬಟ್ಟೆ ಮುಚ್ಚಿ. ಹಗಲು ಬಿಸಿಲಿನ ಕಾವು ಮಣ್ಣಿನಲ್ಲಿ ಇರುತ್ತೆ, ಅದು ಆಚೆ ಹೋಗಬಾರದು. ಅರ್ಥ ಆಯ್ತಾ?"

"ಆಯ್ತು ಟೀಚರಮ್ಮ."

"ಏನು ಅರ್ಥ ಆಯ್ತು, ಹೇಳಿ."

ಟೇಲರ ಒಪ್ಪಿಸಿದ. ಟೀಚರಮ್ಮ ಕಂಬಳಿಯನ್ನು ಮುಟ್ಟಿ ನೋಡಿದರು. "ಪಾಪ, ಅವಳು ಚಳಿ ಚಳಿ ಅಂತ ನಮ್ಮನೆ ಒಲೆ ಮುಂದೆ ಬಂದು ಕೂತ್ಕೋತಿದ್ದಳು. ಆಗ ರೇಡಿಯೋದವರು ಹೇಳಿರಲಿಲ್ಲ ಅಂತ ಕಾಣುತ್ತೆ."

ಟೇಲರ ಕಂಬಳಿಯ ಅಂಚು ಸರಿಮಾಡುವುದರಲ್ಲಿ ಮುಳುಗಿದ.

ಮಧ್ಯಾಹ್ನದ ಹೊತ್ತಿಗೆ, ದೇವಕಣಗಿಲೆಯ ಮೂರು ಕೊಂಬೆಗೂ ಸುತ್ತು ಬರದ ಕಂಬಳಿ ದಾಸವಾಳಕ್ಕೆ ಮುಗಿದಿತ್ತು, ಎರಡು ದುಪ್ಪಟಿ ಕ್ರೋಟನ್ ಸಾಲಿಗೆ ಸಾಲದೆ ಬಂದಿತ್ತು. ಬಾಳೆಗಳು ಬತ್ತಲೆ, ಮುಖ್ಯವಾದ ದೇವಕಣಗಿಲೆಯೂ ಬತ್ತಲೆ. ಮನೆಯಲ್ಲಿ ಇನ್ನು ಹೊದಿಸುವಂಥದ್ದು ಏನೂ ಉಳಿದಿರಲಿಲ್ಲ. ಆಗ ಟೇಲರನ ಕಣ್ಣು ಮುಂದಿನ ಕೋಣೆಯ ಕಪಾಟಿನ ಮೇಲೆ ಬಿತ್ತು.

ಟೇಲರನ ಕಸುಬಿನ ಒಂದು ಗುಟ್ಟು ಇಲ್ಲಿ ಹೇಳಬೇಕು. ಗಿರಾಕಿ ಬಟ್ಟೆ ತಂದ ಕೂಡಲೇ, ಅವನ ಕಣ್ಣೆದುರಿಗೇ, ಅಳತೆ ತೆಗೆದು ಕತ್ತರಿಸಿಬಿಡುತ್ತಿದ್ದ. ಕತ್ತರಿಸಿದ ಬಟ್ಟೆಯನ್ನು ಗಿರಾಕಿ ಇನ್ನೊಬ್ಬ ದರ್ಜಿಯ ಹತ್ತಿರ ಒಯ್ಯುವಂತಿಲ್ಲ. ಆಮೇಲೆ ಹೊಲಿಯುವುದಕ್ಕೆ ಅವಸರವೇನು? "ನಾಳೆ ಬನ್ನಿ" ಎಂಬ ಅವನ ಮಾತು ಆ ಬೀದಿಯಲ್ಲಿ ನಮಸ್ಕಾರದಷ್ಟು ಬಳಕೆಯಲ್ಲಿತ್ತು. ಯಾರೂ ಅದಕ್ಕೆ ಅರ್ಥ ಹುಡುಕುತ್ತಿರಲಿಲ್ಲ. ಹಾಗೆ ಕತ್ತರಿಸಿದ, ಅರ್ಧ ಹೊಲಿದ, ಹೊಲಿಯಲೇ ಇಲ್ಲದ ಬಟ್ಟೆಗಳು ಕಪಾಟಿನಲ್ಲಿ ಮೇಲಿಂದ ಕೆಳಗಿನವರೆಗೆ ಒತ್ತಿಕೊಂಡು ಕೂತಿದ್ದವು.

ಒಂದು ರಾತ್ರಿಗೆ ತಾನೆ, ಎಂದುಕೊಂಡ ಟೇಲರ. ಬೆಳಿಗ್ಗೆ ಬಿಚ್ಚಿ, ಇಸ್ತ್ರಿ ಮಾಡಿ, ಮಡಿಸಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಮಬ್ಬುಗತ್ತಲು ಕವಿಯುವ ಹೊತ್ತಿಗೆ ಅಂಗಳ ಯಾವುದೋ ನಾಟಕ ಕಂಪೆನಿಯ ಬಣ್ಣದ ಮನೆಯ ಹಾಗಿತ್ತು. ದೇವಕಣಗಿಲೆಗೆ ಹಸಿರು ಹೂವಿನ ಪರದೆ ಬಟ್ಟೆ. ಬಾಳೆಗಿಡಗಳಿಗೆ ಒಂದೊಂದು ಪ್ಯಾಂಟಿನ ಕಾಲು. ಕ್ರೋಟನ್ನಿನ ಕೊನೆಗೆ ಗೀರು ಗೀರಿನ ಶರ್ಟಿನ ಬೆನ್ನು.

ಆಗ ಬೀದಿಯ ಕೊನೆಮನೆಯ ವೈರ್‌ಮನ್ ಸೈಕಲ್ ಇಳಿದ. "ಟೇಲರಣ್ಣ, ಬಟ್ಟೆ ಮಾತ್ರ ಸಾಕಾಗಲ್ಲ. ಒಳಗೊಂದು ಬಲ್ಬು ನೇತುಹಾಕಬೇಕು. ಕೋಳಿಮರಿಗಳಿಗೆ ಹಾಕಲ್ವಾ? ಬೆಳಗಾಗೋ ತನಕ ಬೆಚ್ಚಗಿರುತ್ತೆ."

"ಏನೂ ತೊಂದರೆ ಆಗಲ್ಲ ತಾನೆ?"

"ನಾನು ಹಾಕಿದ ಕನೆಕ್ಷನ್ ಅಣ್ಣ."

ಅವನು ಹಾಕಿದ ಕನೆಕ್ಷನ್ ಆದ್ದರಿಂದಲೇ ಟೇಲರ ಹಾಗೆ ಕೇಳಿದ್ದು. ಆದರೂ ಅತ್ತಿಗೆಯ ಮುಖ ನೆನಪಾಗಿ ಒಪ್ಪಿಕೊಂಡ. ಪರದೆಯ ಒಳಗೆ ದೊಡ್ಡ ಬಲ್ಬು ಹೊತ್ತಿತು. ಕತ್ತಲಾಗುತ್ತಿದ್ದ ಹಾಗೆ ದೇವಕಣಗಿಲೆ ಹಸಿರಾಗಿ ಬೆಳಗತೊಡಗಿತು. ನೋಡಲು ಚೆನ್ನಾಗಿಯೇ ಇತ್ತು. ಕಾಂಪೌಂಡರ್ ಹೇಳಿದ್ದ ಸಂಜೆಯ ಡೋಸು ಬಾಕಿಯಿತ್ತು. ಟೇಲರ ಊಟಕ್ಕೆ ಕಾಯದೆ ಎರಡು ಚೆಂಬು ಬೆಚ್ಚನೆ ನೀರು ತಂದು ಬುಡಕ್ಕೆ ಹೊಯ್ದ. ಒಂದು ಚೆಂಬಿನ ನೀರು ವೈರಿನ ಗಂಟಿನ ಮೇಲೆ ಬಿತ್ತು.

ಚಿಟ್ ಎಂದು ಒಂದು ಸಣ್ಣ ಸದ್ದು. ಇಡೀ ಬೀದಿ ಕತ್ತಲಾಯಿತು.

ಕತ್ತಲಾದರೆ ಜನ ಮಾಡುವುದು ಒಂದೇ ಕೆಲಸ, ಟಾರ್ಚು ಹಿಡಿದು ಹೊರಗೆ ಬರುವುದು. ಯಾರ ಮನೆಯಿಂದ ಶುರುವಾಯಿತೆಂದು ನೋಡಲು ಎಲ್ಲ ಟಾರ್ಚುಗಳೂ ಟೇಲರನ ಅಂಗಳಕ್ಕೆ ತಿರುಗಿದವು. ಕಾಂಪೌಂಡರ ಟಾರ್ಚು ಎಡದ ಬಾಳೆಯ ಮೇಲೆ ಬಿತ್ತು, ಬಲದ ಬಾಳೆಗೆ ಹೋಯಿತು, ಮತ್ತೆ ಎಡಕ್ಕೆ ಬಂದು ಅಲ್ಲೇ ನಿಂತಿತು.

"ಟೇಲರ್, ಆ ಬಾಳೆಗಿಡ ಹಾಕ್ಕೊಂಡಿರೋದು ನನ್ನ ಪ್ಯಾಂಟಲ್ವೇನಯ್ಯಾ?"

"ಉದ್ದ ಸರಿಯಿದೆಯಾ ಅಂತ ನೋಡ್ತಿದ್ದೆ ಸಾರ್."

"ನನ್ನ ರಿಟೈರ್ಮೆಂಟ್ ದಿನ ಹಾಕ್ಕೊಳ್ಳೋಕೆ ಅಂತ ಕೊಟ್ಟಿದ್ದು. ನಾಲ್ಕು ವರ್ಷ ಆಯ್ತು. ಹಳೇ ಪ್ಯಾಂಟಲ್ಲೇ ರಿಟೈರಾದೆ. ಇವತ್ತು ನೋಡಿದರೆ ಒಂದು ಕಾಲು ಆ ಗಿಡದ್ದು, ಒಂದು ಕಾಲು ಈ ಗಿಡದ್ದು."

ವೈರ್‌ಮನ್ ಗೇಟು ಹಿಡಿದುಕೊಂಡು ನಗುತ್ತಿದ್ದ. ಅವನ ಟಾರ್ಚು ಕ್ರೋಟನ್ನಿನ ಮೇಲೆ ಬಿದ್ದಾಗ ನಗು ನಿಂತಿತು. "ಅಣ್ಣ, ಆ ಗೀರಿನ ಶರ್ಟು..."

"ನಾಳೆ ಕೊಡೋಣ ಅಂತಲೇ ಹೊರಗೆ ತೆಗೆದಿದ್ದೆ ಕಣೋ."

ಟೀಚರಮ್ಮ ದೇವಕಣಗಿಲೆಯ ಹತ್ತಿರ ಹೋಗಿ ಪರದೆಯ ಅಂಚನ್ನು ಎತ್ತಿ ನೋಡಿದರು. ಬಲ್ಬಿನ ಶಾಖಕ್ಕೆ ಅದರಲ್ಲೊಂದು ದುಂಡನೆಯ ಕಂದು ತೂತಾಗಿತ್ತು. "ಎರಡು ವರ್ಷದಿಂದ ನಮ್ಮ ಕಿಟಕಿ ಬತ್ತಲೆ ಇದೆ," ಎಂದರು. "ಕೇಳಿದಾಗೆಲ್ಲ ನೂಲು ಸಿಕ್ಕಿಲ್ಲ ಅಂತೀರಿ. ನಾನು ದಿನಾ ಬೆಳಿಗ್ಗೆ ದೀಪ ಆರಿಸಿ ಸೀರೆ ಉಡ್ತೀನಿ."

ಒಬ್ಬೊಬ್ಬರೂ ತಮ್ಮ ತಮ್ಮ ಬಟ್ಟೆಯನ್ನು ಗಿಡಗಳಿಂದ ಬಿಚ್ಚಿಕೊಂಡು ಹೋದರು. ಕಾಂಪೌಂಡರ್ ಎರಡೂ ಕಾಲುಗಳನ್ನು ಕಂಕುಳಲ್ಲಿ ಇರುಕಿಕೊಂಡು ನಡೆದರು. ವೈರ್‌ಮನ್ ಫ್ಯೂಸು ಹಾಕಿ, ಮುಖ ಉಬ್ಬಿಸಿಕೊಂಡೇ, ಬಲ್ಬನ್ನೂ ಬಿಚ್ಚಿಕೊಂಡು ಹೋದ. ಬಾಳೆಗಳೂ ದೇವಕಣಗಿಲೆಯೂ ಮೊದಲಿನಂತೆ ಬತ್ತಲೆ ನಿಂತವು. ಗಾಳಿ ಬೀಸುವುದು ನಿಂತಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಚಳಿ ಬೀಳುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ.

ಟೇಲರ ಒಳಗೆ ಬಂದು ಮಿಷನ್ನಿನ ಮುಂದೆ ಕೂತ. ಆಮೇಲೆ ಎದ್ದು, ಮಂಚದ ಕೆಳಗಿಂದ ಟ್ರಂಕು ಎಳೆದ.

ತಳದಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಗಂಟಿತ್ತು. ಒಳಗೆ ಕಾಫಿಬೀಜದ ಬಣ್ಣದ ದಪ್ಪ ಉಣ್ಣೆ ಬಟ್ಟೆ. ಹೆಂಡತಿ ತೀರಿಕೊಳ್ಳುವ ಹಿಂದಿನ ವರ್ಷ ಅವಳ ತವರಿನಿಂದ ಪಾರ್ಸೆಲ್‌ನಲ್ಲಿ ಬಂದದ್ದು. ಬಂದ ದಿನವೇ ಟೇಲರ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಅಳತೆ ತೆಗೆದು, ಕೋಟಿಗೆಂದು ಕತ್ತರಿಸಿದ್ದ. ಮುಂಭಾಗ ಎರಡು, ಬೆನ್ನು, ಎರಡು ತೋಳು, ಕಾಲರು, ಜೇಬು. ಅದರ ಮೇಲೆ ಸೀಮೆಸುಣ್ಣದ ಗೆರೆಗಳು ಇನ್ನೂ ಇದ್ದವು. ಆಮೇಲೆ ಶಾಲೆಯ ಯೂನಿಫಾರಂಗಳ ಆರ್ಡರು ಬಂತು. "ಈ ಗಡಿಬಿಡಿ ಮುಗೀಲಿ ಕಣೇ, ನಾಳೆ ಕೂತರೆ ಒಂದೇ ದಿನದ ಕೆಲಸ," ಎಂದಿದ್ದ. ಅವಳೇನೂ ಗಿರಾಕಿಯಲ್ಲವಲ್ಲ, ಗಲಾಟೆ ಮಾಡಲಿಲ್ಲ.

ಟೇಲರ ದೀಪವನ್ನು ಮಿಷನ್ನಿಗೆ ಹತ್ತಿರ ಎಳೆದುಕೊಂಡು ಹೊಲಿಯಲು ಕೂತ. ಅವಳ ಅಳತೆಯ ಗೆರೆಗಳ ಮೇಲೇ ಹೊಲಿದ. ಗಿಡಕ್ಕೆ ಅಳತೆ ಬದಲಿಸಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ಕಾಲರು ಕೂರಿಸಿದ, ಜೇಬು ಇಟ್ಟ. ಎಲ್ಲ ಮುಗಿದ ಮೇಲೆ ಗಿಡಕ್ಕೆ ಮೂರು ಕೊಂಬೆಯಿರುವುದು ನೆನಪಾಗಿ, ಉಳಿದ ತುಂಡುಗಳನ್ನು ಜೋಡಿಸಿ ಬೆನ್ನಿಗೆ ಇನ್ನೊಂದು ತೋಳು ಹಚ್ಚಿದ. ಪಕ್ಕದ ಮನೆಯಲ್ಲಿ ದೀಪ ಆರುವ ಹೊತ್ತಿಗೆ ಕೋಟು ಮುಗಿದಿತ್ತು. ಒಂದೇ ದಿನದ ಕೆಲಸ ಅಂದದ್ದು ಉತ್ಪ್ರೇಕ್ಷೆ, ಮೂರು ಗಂಟೆಯದಾಗಿತ್ತು.

ಹೊರಗೆ ಹೋಗಿ, ಕೊಂಬೆ ಕೊಂಬೆಗೂ ತೋಳು ಏರಿಸಿ, ಮುಂದೆ ಗುಂಡಿ ಹಾಕಿ, ಕಾಲರು ಎತ್ತಿ ನಿಲ್ಲಿಸಿದ. ಕೋಟಿನ ಅಂಚು ನೆಲ ಮುಟ್ಟುತ್ತಿತ್ತು. ಗಿಡ ಅವನಿಗಿಂತ ಒಂದು ಗೇಣು ಗಿಡ್ಡ. ಅವಳೂ ಅಷ್ಟೇ ಇದ್ದಳು. ಟೇಲರ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಂಬಳಿಯೂ ಇಲ್ಲದೆ, ಹಳೆ ಪೇಪರುಗಳನ್ನು ಹೊದ್ದು ಮಲಗಿದ.

ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ಹುಲ್ಲಿನ ಮೇಲೆಲ್ಲ ಉಪ್ಪು ಉದುರಿಸಿದಂತಿತ್ತು. ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಪದರ. ಬಾಳೆಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು. ಕಂಬಳಿ ಗಿಡ್ಡವಾದ ಕಡೆ ದಾಸವಾಳ ಕರಕಲಾಗಿತ್ತು. ಟೇಲರ ಕೋಟಿನ ಮೇಲಿನ ಗುಂಡಿ ಬಿಚ್ಚಿ ಕೊಂಬೆಯನ್ನು ಉಗುರಿನಿಂದ ಗೀರಿದ. ಒಳಗೆ ಹಸಿರು. ಹಾಲು ಒಸರಿತು. ಗುಂಡಿ ಹಾಕಿದ. ಎಂಟು ವರ್ಷದಲ್ಲಿ ಮೊದಲ ಸಲ ಅವನಿಗೆ ತಾನೊಂದು ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿದೆ ಅನ್ನಿಸಿತು.

ಗೇಟು ಕಿರುಗುಟ್ಟಿತು. ಅತ್ತಿಗೆ ಸೆಕೆಯ ಊರಿನ ತೆಳ್ಳನೆ ಸೀರೆಯಲ್ಲಿ, ಕೈಚೀಲವನ್ನು ಎದೆಗೆ ಅವುಚಿಕೊಂಡು, ಹಲ್ಲು ಕಡಿಯುತ್ತ ಬಂದರು. ಗೋಡೆಯ ಮೇಲೆ ಮಫ್ಲರ್ ಹಾಜರಾಯಿತು. ಎದುರು ಮನೆಯ ಪರದೆಯಿಲ್ಲದ ಕಿಟಕಿಯೂ ತೆರೆಯಿತು.

"ಬನ್ನಿ ಅತ್ತಿಗೆ. ಬೇರೆ ಎಲ್ಲ ಹೋಯಿತು. ಅವಳ ಗಿಡ ಮಾತ್ರ ಉಳಿಸಿಕೊಂಡೆ," ಎಂದ ಟೇಲರ.

ಅತ್ತಿಗೆ ಗಿಡದ ಮುಂದೆ ನಿಂತರು. ಕೋಟಿನ ತೋಳನ್ನು ಎರಡು ಬೆರಳಿನಲ್ಲಿ ಉಜ್ಜಿ ನೋಡಿದರು. ಒಳಮೈಯನ್ನು ತಿರುಗಿಸಿ ಬಟ್ಟೆಯ ಅಂಚು ನೋಡಿದರು.

"ಇದು ನಾನು ಕಳಿಸಿದ ಬಟ್ಟೆ."

"ಹೌದು ಅತ್ತಿಗೆ."

"ಇದರಲ್ಲಿ ಅವಳಿಗೆ ಕೋಟು ಹೊಲಿದುಕೊಟ್ಟಿರಿ ಅಂತ ಕಾಗದ ಬರೆದಿದ್ದಳು."

ಟೇಲರನಿಗೆ ಇದು ಹೊಸ ಸುದ್ದಿ.

"ಎರಡು ಪುಟ ಬರೆದಿದ್ದಳು. ಅಕ್ಕಾ, ತುಂಬಾ ಬೆಚ್ಚಗಿದೆ. ಎರಡು ದೊಡ್ಡ ಜೇಬು ಇಟ್ಟಿದ್ದಾರೆ. ಕಾಲರು ಎಷ್ಟು ಚೆನ್ನಾಗಿ ಕೂತಿದೆ ಅಂದರೆ ಎಲ್ಲರೂ ಕೇಳ್ತಾರೆ. ನೀನು ನನ್ನ ಚಳಿಯ ಚಿಂತೆ ಬಿಡು ಅಂತ. ನಾನು ಬಿಟ್ಟೆ."

"ಅದೇ ಕೋಟು ಅತ್ತಿಗೆ," ಎಂದ ಟೇಲರ. "ಅದನ್ನೇ ಬಿಚ್ಚಿ, ಗಿಡಕ್ಕೆ..."

"ಸೀಮೆಸುಣ್ಣದ ಗೆರೆ ಇನ್ನೂ ಇದೆ," ಎಂದರು ಅತ್ತಿಗೆ.

ಗೋಡೆಯ ಮೇಲೆ ಕಾಂಪೌಂಡರ್ ಕೆಮ್ಮಿದರು.

"ಗಿಡ ಉಳಿದಿದೆ ಅತ್ತಿಗೆ. ನೀವು ಹೇಳಿದ ಹಾಗೆ ನೋಡ್ಕೊಂಡಿದೀನಿ."

"ಇದು ಅವಳ ಗಿಡ ಅಲ್ಲ ಅಂತ ಮೊದಲನೇ ಬೇಸಿಗೆಯಲ್ಲೇ ಗೊತ್ತಾಯ್ತು. ಮೂಗಿನ ತುದಿ ಅಂದಿರಿ. ಮನುಷ್ಯ ಅಷ್ಟಾದರೂ ಪರದಾಡಿದಾನಲ್ಲ ಅಂತ ಸುಮ್ಮನಾದೆ. ಅವಳಿಗೆ ಕೋಟು ಹೊಲಿದುಕೊಟ್ಟವರು ಅನ್ನೋದು ಒಂದಿತ್ತು." ಅತ್ತಿಗೆ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೊಂಬೆಗಳಿಂದ ಕೋಟನ್ನು ಬಿಡಿಸಿದರು. "ಈ ಮೂರನೇ ತೋಳು ತೆಗೀರಿ. ಇದನ್ನ ಸರಿಮಾಡಿ ಕೊಡೋ ತನಕ ಮನೇಲಿರಿ. ಕೊಟ್ಟ ದಿನ ಬೀಗದ ಕೈಯೂ ಕೊಡಿ."

ಅವರು ಒಳಗೆ ಹೋಗಿ ಒಲೆಯ ಮುಂದೆ ಕೂತದ್ದೇ ತಡ, ಗೋಡೆಯ ಮೇಲಿಂದ ಪಿಸುಮಾತು ಬಂತು.

"ನೀನು ಬದುಕಿದೆ ಕಣಯ್ಯಾ. ಕೊಟ್ಟ ದಿನ ಅಂದರು. ಯಾವ ದಿನ ಅಂತ ಹೇಳಲಿಲ್ಲ. ನಿಧಾನವಾಗಿ ಮಾಡು. ಹತ್ತು ವರ್ಷ ತಗೋ. ಆ ವಿದ್ಯೆಯಲ್ಲಿ ನಿನ್ನನ್ನು ಮೀರಿಸೋರು ಯಾರಿದ್ದಾರೆ?"

ಟೀಚರಮ್ಮನೂ ಕಿಟಕಿಯಿಂದಲೇ, ಮೆಲ್ಲಗೆ, "ನೂಲು ಸಿಕ್ಕಿಲ್ಲ ಅನ್ನಿ," ಎಂದರು.

ಟೇಲರ ಇಬ್ಬರ ಕಡೆಗೂ ನೋಡಲಿಲ್ಲ. ಮುಂದಿನ ಕೋಣೆಗೆ ಹೋಗಿ ಕೂತ. ಬೀದಿಯವರು ಎಂದೂ ಕೇಳದ ಒಂದು ಸದ್ದು ಆವತ್ತು ಬೆಳಿಗ್ಗೆಯಿಂದ ಕೇಳಿತು: ಟೇಲರನ ಮಿಷನ್ನು ಒಂದೇ ಸಮನೆ, ನಿಲ್ಲದೆ ಓಡುವ ಸದ್ದು. ಮೂರನೇ ತೋಳನ್ನು ಬಿಚ್ಚಿದ. ಬೆನ್ನನ್ನು ಮತ್ತೆ ಕೂಡಿಸಿದ. ಸೀಮೆಸುಣ್ಣದ ಗೆರೆಗಳನ್ನು ಬ್ರಷ್ಷಿನಿಂದ ಉಜ್ಜಿ ತೆಗೆದ. ಒಂದು ಗೆರೆ ಒಳಗಿನ ಮಡಿಕೆಯಲ್ಲಿ ಉಳಿದುಹೋಯಿತು, ಅದನ್ನು ಹಾಗೇ ಬಿಟ್ಟ. ಇಸ್ತ್ರಿ ಹಾಕಿದ. ಸಂಜೆಯ ಬಸ್ಸಿಗೆ ಇನ್ನೂ ಒಂದು ಗಂಟೆಯಿರುವಾಗ ಕೋಟು ತಂದು ಅತ್ತಿಗೆಯ ಹೆಗಲಿಗೆ ಹಿಡಿದ.

ಅಕ್ಕತಂಗಿಯರದು ಒಂದೇ ಮೈಕಟ್ಟು. ಅತ್ತಿಗೆ ಕನ್ನಡಿಯ ಮುಂದೆ ನಿಂತು ಕೈಯೆತ್ತಿ, ಇಳಿಸಿ, ಕತ್ತು ತಿರುಗಿಸಿ ನೋಡಿಕೊಂಡರು.

"ಕಾಲರು ಚೆನ್ನಾಗಿ ಕೂತಿದೆ," ಎಂದರು. "ಅವಳು ಬರೆದದ್ದು ಸುಳ್ಳಲ್ಲ."

ಬೀಗದ ಕೈಯನ್ನು ಬಲಗಡೆಯ ದೊಡ್ಡ ಜೇಬಿಗೆ ಹಾಕಿಕೊಂಡರು. ಮಿಷನ್ನು ಸಾಗಿಸಲು ನಾಳೆ ಸಂಜೆಯವರೆಗೆ ಸಮಯ ಕೊಟ್ಟು, ಬಸ್ಸಿಗೆ ಹೊರಟರು. ಬೀದಿಯ ತಿರುವಿನ ತನಕ ಅವರ ಬೆನ್ನಿನ ಹೊಲಿಗೆ ಕಾಣುತ್ತಿತ್ತು. ಎಲ್ಲೂ ಸುಕ್ಕಿರಲಿಲ್ಲ.

ಟೇಲರನ ಕೈಯಲ್ಲಿ ಮೂರನೇ ತೋಳು ಉಳಿದಿತ್ತು. ಅಂಗಳಕ್ಕೆ ಇಳಿದು, ದೇವಕಣಗಿಲೆಯ ಒಂದು ಕೊಂಬೆಗೆ ಅದನ್ನು ಏರಿಸಿದ. ಇನ್ನೆರಡು ಕೊಂಬೆಗೆ ಏನೂ ಇರಲಿಲ್ಲ. ಒಳಗೆ ರೇಡಿಯೋದವರು, ಇವತ್ತು ರಾತ್ರಿಯೂ ಅಷ್ಟೇ ಚಳಿ ಎಂದು ಅದೇ ಉತ್ಸಾಹದಲ್ಲಿ ಹೇಳುತ್ತಿದ್ದರು.

ಗೇಟಿನ ಹತ್ತಿರ ಕಾಂಪೌಂಡರ್ ನಿಂತಿದ್ದರು. ಕಂಕುಳಲ್ಲಿ ಪ್ಯಾಂಟಿನ ಎರಡೂ ಕಾಲುಗಳಿದ್ದವು.

"ಅಲ್ಲಯ್ಯಾ ಟೇಲರ್, ಒಂದೇ ದಿನದಲ್ಲಿ ಕೋಟು ಮುಗಿಸೋ ಕೈ ಇದು ಅಂತ ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಇದನ್ನೂ ಒಂದು ಕೈ ನೋಡಿಬಿಡು."

ಟೇಲರ ಎರಡೂ ಕಾಲುಗಳನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು, ಹಳೆಯ ಅಭ್ಯಾಸದಂತೆ ಹೊಲಿಗೆಯ ಅಂಚನ್ನು ಬೆರಳಿನಿಂದ ಸವರಿ ನೋಡಿದ.

"ನಾಳೆ ಸಂಜೆ ಆದ ಮೇಲೆ ಬನ್ನಿ ಸಾರ್," ಎಂದ.

ಎಲ್ಲಿಗೆ ಎಂದು ಕಾಂಪೌಂಡರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.